ಗೆಳೆಯನಿಗೊಂದು ಪತ್ರ: ಬ್ರಿಟನ್ನಿನವರು ಮನಸೋತ ಡೀಸೆಲ್ ಗಾಡಿ

ಪ್ರೀತಿಯ ರವಿ,

ಕೃಷ್ಣರಾಜಪುರಂ ಶೆಡ್ಡಿನ ಆಲ್ಕೊ ಡೀಸೆಲ್ ಎಂಜಿನ್ನಿನ ವಿಡಿಯೋ ಕಳಿಸಿದ್ದಕ್ಕೆ ಮೊದಲು ಥ್ಯಾಂಕ್ಸ್ ಕಣೋ. ಜೊತೆಗೆ ಒಂದು ಪ್ರಶ್ನೆ ಕೇಳಿದ್ದೀಯಲ್ಲ, ಇಲ್ಲಿ ಬ್ರಿಟನ್ನಿನ ರೈಲುಪ್ರಿಯರಿಗೆ ತಮ್ಮ ಡೀಸೆಲ್ ಗಾಡಿಗಳಲ್ಲಿ ಯಾವುದು ಅಚ್ಚುಮೆಚ್ಚು ಅಂತ. ಅದಕ್ಕೆ ವಾಟ್ಸ್ಯಾಪ್‌ನಲ್ಲಿ ಎರಡು ಸಾಲು ಬರೆದರೆ ನನಗೆ ಸಮಾಧಾನ ಆಗುವುದಿಲ್ಲ. ನಮ್ಮ ಹಾಗೆ ರೈಲಿನ ಹುಚ್ಚಿರುವ ಬೇರೆಯವರೂ ಓದಲಿ ಅಂತ ಈ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ನನ್ನ ಉತ್ತರ ಇಂಟರ್‌ಸಿಟಿ 125. ರೈಲು ಹುಚ್ಚಿನವರ ಬಾಯಲ್ಲಿ ಅದು ಎಚ್‌ಎಸ್‌ಟಿ, ಅಂದರೆ ಹೈ ಸ್ಪೀಡ್ ಟ್ರೇನ್. ಡೆಲ್ಟಿಕ್ ಅನ್ನುವ ಹಳೆಯ ಡೀಸೆಲ್ ಎಂಜಿನ್ನಿನ ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಗಾಡಿ ಹುಟ್ಟಿದ್ದೇ ತಾತ್ಕಾಲಿಕ ಏರ್ಪಾಡಾಗಿ. 1964ರಲ್ಲಿ ಜಪಾನ್ ಹೊಸ ಹಳಿ ಹಾಕಿ ಬುಲೆಟ್ ಟ್ರೇನ್ ಓಡಿಸಿತು. ಬ್ರಿಟಿಷ್ ರೈಲಿನ ಹತ್ತಿರ ಹೊಸ ಹಳಿಗೆ ದುಡ್ಡಿರಲಿಲ್ಲ. ತಿರುವುಗಳಲ್ಲಿ ವಾಲಿಕೊಂಡು ಓಡುವ ಎಪಿಟಿ ಅನ್ನುವ ಗಾಡಿಯ ಮೇಲೆ ಅವರು ಆಸೆ ಇಟ್ಟಿದ್ದರು. ಅದು ಬೇಗ ಮುಗಿಯುವ ಲಕ್ಷಣ ಕಾಣಲಿಲ್ಲ. ಆಗ ಟೆರಿ ಮಿಲ್ಲರ್ ಅನ್ನುವ ಹಿರಿಯ ಎಂಜಿನಿಯರ್ ಮತ್ತು ಅವರ ತಂಡದವರು, ಗೊತ್ತಿರುವ ಡೀಸೆಲ್ ವಿದ್ಯೆಯಲ್ಲೇ ವೇಗದ ಗಾಡಿ ಮಾಡೋಣ ಅಂತ ಹೊರಟರು. 1972ರಲ್ಲಿ ಮೊದಲ ಮಾದರಿ ಸಿದ್ಧವಾಯಿತು. 1973ರ ಜೂನ್ 12ರಂದು ಅದು ಗಂಟೆಗೆ 143 ಮೈಲಿ, ಅಂದರೆ 230 ಕಿಲೋಮೀಟರ್ ಮುಟ್ಟಿ ಡೀಸೆಲ್ ಗಾಡಿಗಳ ವಿಶ್ವದಾಖಲೆ ಮಾಡಿತು. 1976ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಬ್ರಿಸ್ಟಲ್ ಮತ್ತು ಸೌತ್ ವೇಲ್ಸ್ ಕಡೆಗೆ ಜನರನ್ನು ಹತ್ತಿಸಿಕೊಂಡು ಓಡಲು ಶುರುಮಾಡಿತು. ಆ ಎಪಿಟಿ 1981ರ ಡಿಸೆಂಬರ್‌ನಲ್ಲಿ ಜನರನ್ನು ಹತ್ತಿಸಿಕೊಂಡಿತು, ಸ್ವಲ್ಪದರಲ್ಲೇ ವಾಪಸ್ ಹೋಯಿತು, ಕೊನೆಗೂ ನೆಲೆ ನಿಲ್ಲಲಿಲ್ಲ. ತಾತ್ಕಾಲಿಕದ್ದು ಮಾತ್ರ 40 ವರ್ಷಕ್ಕೂ ಜಾಸ್ತಿ ಓಡಿತು.

ದಾಖಲೆಗಿಂತ ನನಗೆ ಹೆಚ್ಚು ಇಷ್ಟವಾಗುವುದು ಅದರ ಬ್ರೇಕು. ಸಿಗ್ನಲ್ ಕಂಬಗಳೆಲ್ಲ 100 ಮೈಲಿ ವೇಗದ ಗಾಡಿಗಳಿಗೆ ಅಂತ ನೆಟ್ಟವು. ಅವನ್ನು ಕಿತ್ತು ದೂರ ದೂರ ನೆಡುವುದು ಭಾರೀ ಖರ್ಚಿನ ಕೆಲಸ. ಅದಕ್ಕೇ 125 ಮೈಲಿಯಲ್ಲಿ ಬರುವ ಈ ಗಾಡಿ, ಹಳೆಯ ಗಾಡಿ 100 ಮೈಲಿಯಿಂದ ನಿಲ್ಲುತ್ತಿದ್ದಷ್ಟೇ ದೂರದಲ್ಲಿ ನಿಲ್ಲಬೇಕು ಅಂತ ಲೆಕ್ಕ ಹಾಕಿ ಡಿಸ್ಕ್ ಬ್ರೇಕ್ ಕೊಟ್ಟರು. ಹಳಿ ಮೇಲೆ ಬೀಳುವ ಭಾರಕ್ಕೂ ಇಂಥದೇ ಲೆಕ್ಕ. ಒಂದು ದೊಡ್ಡ ಲೋಕೊ (ಗಾಡಿ ಎಳೆಯುವ ಎಂಜಿನ್) ಬದಲು ಎರಡೂ ತುದಿಗೆ ಒಂದೊಂದು ಪವರ್ ಕಾರ್, ಅಂದರೆ ಎಂಜಿನ್ ಇರುವ ಬೋಗಿ. ಒಂದೊಂದು ಸುಮಾರು 70 ಟನ್, 2,250 ಹಾರ್ಸ್ ಪವರ್. ನಿನ್ನ ಆಲ್ಕೊ ಲೋಕೊ ಡಬ್ಲ್ಯೂಡಿಎಂ-3ಡಿ 117 ಟನ್ ತೂಗುತ್ತೆ, ಅಲ್ವಾ? ಕೊನೆಯ ಸ್ಟೇಷನ್ನಿನಲ್ಲಿ ಎಂಜಿನ್ ಬಿಚ್ಚಿ ಆ ಕಡೆಗೆ ಜೋಡಿಸುವ ಕೆಲಸವೂ ಇಲ್ಲ. ಡ್ರೈವರ್ ಈ ತುದಿಯಿಂದ ಆ ತುದಿಗೆ ನಡೆದುಕೊಂಡು ಹೋದರೆ ಸಾಕು.

ಅಂದರೆ ಹಳೆಯ ಹಳಿ, ಹಳೆಯ ಸಿಗ್ನಲ್, ಮಾಮೂಲಿ ದರದ ಟಿಕೆಟ್. ಅದರಲ್ಲೇ ಗಂಟೆಗೆ 200 ಕಿಲೋಮೀಟರ್. ಸೆಕೆಂಡ್ ಕ್ಲಾಸಿಗೂ ಎ.ಸಿ. ಬೋಗಿ. ಆಫೀಸಿಗೆ ಹೋಗುವವರು, ಅಜ್ಜಿ ಮನೆಗೆ ಹೊರಟ ಮಕ್ಕಳು, ಎಲ್ಲರೂ ಇದರಲ್ಲೇ ಓಡಾಡಿದರು. ಈ ಗಾಡಿಯ ಮೇಲಿನ ಪ್ರೀತಿ ರೈಲು ಹುಚ್ಚಿನವರನ್ನು ದಾಟಿ ಹೋಗಿದ್ದು ಇದರಿಂದಲೇ ಅಂತ ನನ್ನ ನಂಬಿಕೆ.

ಅದರ ಮೂತಿಯ ಕಥೆಯನ್ನೂ ಹೇಳಲೇಬೇಕು. ಕೆನೆತ್ ಗ್ರೇಂಜ್ ಅನ್ನುವ ಡಿಸೈನರ್‌ಗೆ ರೈಲಿನವರು ಕೊಟ್ಟಿದ್ದು ಬಣ್ಣದ ಕೆಲಸ ಮಾತ್ರ. ಅವರಿಗೆ ಆ ಮೂತಿಯೇ ಹಿಡಿಸಲಿಲ್ಲ. ತಾವಾಗಿಯೇ ಮಾದರಿ ಮಾಡಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗಾಳಿ ಸುರಂಗದಲ್ಲಿಟ್ಟು ಪರೀಕ್ಷೆ ಮಾಡಿಸಿ, ಮುಂದೆ ಚಾಚಿಕೊಂಡಿರುವ, ಡಿಕ್ಕಿ ತಡೆಯುವ ಬಫರ್‌ಗಳನ್ನೇ ತೆಗೆಸಿ ಹೊಸ ಮೂತಿ ತಂದುಕೊಟ್ಟರು. ಇಲ್ಲಿನ ಅಡುಗೆಮನೆಗಳಲ್ಲಿ ಮನೆಮಾತಾಗಿರುವ ಕೆನ್‌ವುಡ್ ಮಿಕ್ಸರ್‌ನ ರೂಪವೂ ಅವರದೇ. 2024ರಲ್ಲಿ ತೀರಿಕೊಂಡರು. ಅವರ ಹೆಸರು ಹೊತ್ತ ಪವರ್ ಕಾರ್ 43002 ಈಗ ರಾಷ್ಟ್ರೀಯ ರೈಲ್ವೆ ಮ್ಯೂಸಿಯಮ್ಮಿಗೆ ಸೇರಿದೆ. ಹೇಳಿದ ಕೆಲಸಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಮಾಡಿದವರು ಅಂತ ನನಗೆ ಅವರ ಮೇಲೆ ತುಂಬಾ ಗೌರವ.

ಬಾಗಿಲು ಇನ್ನೊಂದು ವಿಶೇಷ. ಒಳಗಡೆ ಹಿಡಿಯೇ ಇರಲಿಲ್ಲ! ಇಳಿಯಬೇಕಾದರೆ ಕಿಟಕಿ ಗಾಜು ಕೆಳಗೆ ಸರಿಸಿ, ಕೈ ಹೊರಗೆ ಚಾಚಿ, ಹೊರಗಿನ ಹಿಡಿ ತಿರುಗಿಸಬೇಕಿತ್ತು. ಗೊತ್ತಿಲ್ಲದವರು ಬಾಗಿಲ ಮುಂದೆ ಪೆಚ್ಚಾಗಿ ನಿಲ್ಲುತ್ತಿದ್ದರು, ಹಿಂದಿದ್ದವರು ಬಂದು ತೆಗೆದುಕೊಡುತ್ತಿದ್ದರು. ನಮ್ಮಂಥವರಿಗೆ ಮಾತ್ರ ಆ ಕಿಟಕಿಯೇ ಸ್ವರ್ಗ. ಎಂಜಿನ್ ಪಕ್ಕದ ಬೋಗಿಯಲ್ಲಿ ಅದರ ಹತ್ತಿರ ನಿಂತುಬಿಟ್ಟರೆ ಸದ್ದು ನೇರ ಕಿವಿಗೆ ಬೀಳುತ್ತಿತ್ತು. ತಲೆ ಹೊರಗೆ ಹಾಕುವುದು ಪ್ರಾಣಕ್ಕೆ ಅಪಾಯ, ಅದನ್ನು ಯಾರೂ ಮಾಡಬಾರದು. ಸುಮ್ನೆ ಗಾಜು ಇಳಿಸಿದರೆ ಸಾಕಿತ್ತು.

ಆ ಸದ್ದು ಪ್ಯಾಕ್ಸ್‌ಮನ್ ವ್ಯಾಲೆಂಟಾ ಎಂಜಿನ್ನಿನದು. 12 ಸಿಲಿಂಡರ್, ನಿಮಿಷಕ್ಕೆ 1,500 ಸುತ್ತು. ನಮ್ಮ ಆಲ್ಕೊ ಸಾವಿರದ ಆಸುಪಾಸಿನಲ್ಲಿ ಗುಡುಗುತ್ತೆ, ಹಾಗಾಗಿ ಅದರದು ದಪ್ಪ ದನಿ. ಇದು ಸ್ಟೇಷನ್ ಬಿಡುವಾಗ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಚೀರಿಕೊಂಡು ಮೇಲೇರುತ್ತಿತ್ತು. ಪ್ಲಾಟ್‌ಫಾರಂ ಪೂರ್ತಿ ನಡುಗುತ್ತಿತ್ತಂತೆ. ನಾನು ರೆಡಿಂಗ್‌ಗೆ ಬರುವ ಹೊತ್ತಿಗೆ ಜರ್ಮನಿಯ ಎಂಟಿಯು ಎಂಜಿನ್ ಹಾಕಿಯಾಗಿತ್ತು. ಹೊಗೆ ಕಡಿಮೆ, ಕೆಡುವುದು ಕಡಿಮೆ, ಸದ್ದೂ ಸೌಮ್ಯ. ರೈಲು ಓಡಿಸುವವರಿಗೆ ಅದೇ ಸರಿ. ಆದರೂ 125 ಗ್ರೂಪ್ ಅನ್ನುವ ಅಭಿಮಾನಿಗಳ ಸಂಘ 1972ರ ಮೂಲ ಮಾದರಿಯ ಪವರ್ ಕಾರಿಗೆ ಮತ್ತೆ ವ್ಯಾಲೆಂಟಾ ಹಾಕಿ ಓಡಿಸಿ ತೋರಿಸಿತು. ರಜಾದಿನಗಳಲ್ಲಿ ಗ್ರೀಸು ಮೆತ್ತಿಕೊಂಡು, ಒಂದು ಪೈಸೆ ಸಂಬಳವಿಲ್ಲದೆ ಮಾಡಿದ ಕೆಲಸ.

ಈಗ ಡೆಲ್ಟಿಕ್. ಇದು ಲೋಕೊ. 1961ರಿಂದ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೋವರೆಗಿನ ಗಾಡಿಗಳನ್ನು ಎಳೆಯಿತು. ಒಟ್ಟು 22 ಲೋಕೊ, 55 ಸ್ಟೀಮ್ ಎಂಜಿನ್‌ಗಳ ಕೆಲಸವನ್ನು ಅವೇ ಮಾಡಿದವು. ಒಳಗಿನ ಎರಡು ನೇಪಿಯರ್ ಎಂಜಿನ್‌ಗಳ ಮೂಲ ನೌಕಾಪಡೆಯ ವೇಗದ ದೋಣಿಗಳಲ್ಲಿದೆ. ಸಿಲಿಂಡರ್‌ಗಳನ್ನು ತ್ರಿಕೋನವಾಗಿ ಜೋಡಿಸಿ, ಒಂದೊಂದರಲ್ಲೂ ಎದುರುಬದುರು ಎರಡು ಪಿಸ್ಟನ್ ಇಟ್ಟಿದ್ದಾರೆ. ಒಂದು ಎಂಜಿನ್ನಿಗೆ 18 ಸಿಲಿಂಡರ್, 36 ಪಿಸ್ಟನ್! ಒಟ್ಟು 3,300 ಹಾರ್ಸ್ ಪವರ್. ನಿನ್ನ 3ಡಿಯದೂ ಅಷ್ಟೇ ಅಲ್ವಾ, ಇದು ಅದಕ್ಕಿಂತ 40 ವರ್ಷ ಹಿಂದಿನದು, ತೂಕ 100 ಟನ್ ಆಸುಪಾಸು. ಕೆಲವಕ್ಕೆ ರೇಸ್ ಗೆದ್ದ ಕುದುರೆಗಳ ಹೆಸರು: ಟುಲ್ಯಾರ್, ಮೆಲ್ಡ್, ಅಲಿಸೈಡನ್. ನಿಂತಲ್ಲಿ ನಿಂತಾಗ ದೊಡ್ಡ ದುಂಬಿಯೊಂದು ಗುಂಯ್‌ಗುಡುವ ಹಾಗೆ ಕೇಳುತ್ತೆ.

ಡೆಲ್ಟಿಕ್ ಅಭಿಮಾನಿಗಳಿಗೆ ಎಚ್‌ಎಸ್‌ಟಿ ಕಂಡರೆ ಆಗದೇ ಇದ್ದದ್ದಕ್ಕೆ ಕಾರಣ ಇದೆ. 1978ರಲ್ಲಿ ಎಡಿನ್‌ಬರೋ ಹಾದಿಗೂ ಇದು ಬಂತು, 1982ರ ಜನವರಿ 2ಕ್ಕೆ ಡೆಲ್ಟಿಕ್ ಮನೆಗೆ ಹೋಯಿತು. ಪಶ್ಚಿಮದ ಕಡೆ ವೆಸ್ಟರ್ನ್ ಅನ್ನುವ ಡೀಸೆಲ್ ಲೋಕೊಗಳಿಗೂ 1977ರಲ್ಲೇ ಇದೇ ಗತಿಯಾಗಿತ್ತು. ಅವತ್ತು ಎಚ್‌ಎಸ್‌ಟಿಯನ್ನು ಆತ್ಮ ಇಲ್ಲದ ಪ್ಲಾಸ್ಟಿಕ್ ಗಾಡಿ ಅಂತ ಬೈದವರಿದ್ದರು. 2019ರ ಮೇನಲ್ಲಿ ಪ್ಯಾಡಿಂಗ್ಟನ್‌ನಿಂದ ಪೂರ್ತಿ ಉದ್ದದ ಎಚ್‌ಎಸ್‌ಟಿ ಕೊನೆಯ ಸಲ ಹೊರಟಾಗ ಇದಕ್ಕೂ ಕಣ್ಣೀರು ಹಾಕಿದರು.

ಪೇಸರ್ ಅನ್ನುವ ಗಾಡಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬಸ್ಸಿನ ಭಾಗಗಳಿಂದ ಮಾಡಿದ ಮೈ, ನಾಲ್ಕೇ ಚಕ್ರದ ಬೋಗಿ, ತಿರುವಿನಲ್ಲಿ ಕಿರುಚಾಟ. ಅದನ್ನು ಇಷ್ಟಪಡುವವರೂ ಇದ್ದಾರೆ, ನನ್ನಿಂದ ಆಗಲಿಲ್ಲ.

ಒಂದು ವಿಷಯ ಬಿಡುವ ಹಾಗಿಲ್ಲ. 2020ರ ಆಗಸ್ಟ್ 12ರಂದು ಸ್ಕಾಟ್‌ಲ್ಯಾಂಡಿನ ಕಾರ್ಮಾಂಟ್ ಹತ್ತಿರ, ಜೋರು ಮಳೆಗೆ ಜಲ್ಲಿಕಲ್ಲು ಹಳಿ ಮೇಲೆ ಕೊಚ್ಚಿ ಬಂದು ಒಂದು ಎಚ್‌ಎಸ್‌ಟಿ ಹಳಿ ತಪ್ಪಿತು. ಡ್ರೈವರ್, ಕಂಡಕ್ಟರ್ ಮತ್ತು ಒಬ್ಬ ಪ್ರಯಾಣಿಕರು ತೀರಿಕೊಂಡರು. ಹಳಿ ತಪ್ಪಿದ್ದು ಗಾಡಿ ಹಳೆಯದು ಅಂತಲ್ಲ. ಆದರೆ ಈಗಿನ ಸುರಕ್ಷತಾ ನಿಯಮದಂತೆ ಕಟ್ಟಿದ ಗಾಡಿಯಾಗಿದ್ದರೆ ಅನಾಹುತ ಕಡಿಮೆಯಾಗುವ ಸಾಧ್ಯತೆಯೇ ಹೆಚ್ಚಿತ್ತು ಅಂತ ತನಿಖೆ ಹೇಳಿತು. ಅದನ್ನು ಓದಿದ ಮೇಲೆ, ಇದು ಇನ್ನೂ ದಿನಾ ಓಡುತ್ತಲೇ ಇರಲಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಡ್ರೈವರ್‌ನ ಜೀವ ದೊಡ್ಡದು.

ಮುಂದಿನ ವರ್ಷ ಬರುತ್ತೇನೆ ಅಂದಿದ್ದೀಯ. ಆದರೆ ಮೇ ತಿಂಗಳಲ್ಲೇ ಬಾ. ಕಿಡರ್‌ಮಿನ್‌ಸ್ಟರ್‌ನ ಸೆವರ್ನ್ ವ್ಯಾಲಿ ರೈಲಿನವರು ಸಾಮಾನ್ಯವಾಗಿ ಆಗ ಡೀಸೆಲ್ ಹಬ್ಬ ಇಟ್ಟುಕೊಳ್ಳುತ್ತಾರೆ. ಚೆಸ್ಟರ್‌ಫೀಲ್ಡ್ ಹತ್ತಿರದ ಬ್ಯಾರೋ ಹಿಲ್‌ನಲ್ಲಿ ಡೆಲ್ಟಿಕ್ ಉಳಿಸಿಕೊಂಡವರ ಶೆಡ್ ಇದೆ, ಅಲ್ಲಿಗೂ ಹೋಗೋಣ. ರಜೆ ಯಾವಾಗ ಸಿಗುತ್ತೆ ಅಂತ ಬೇಗ ಬರಿ, ಡೆಲ್ಟಿಕ್ ಓಡುವ ದಿನ ನೋಡಿಕೊಂಡು ಟಿಕೆಟ್ ಮಾಡಿಸುತ್ತೇನೆ.

ನಿನ್ನ,
ಗಿರೀಶ
ರೆಡಿಂಗ್