ಕುಡಿತ ಬಿಟ್ಟವರಿಗೆ ಸಂಜೆ ಹೊತ್ತು ಜೊತೆ ಬೇಕು

ಮಾನ್ಯ ಸಂಪಾದಕರೇ,

ಮದ್ಯವರ್ಜನ ಶಿಬಿರಗಳ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಸಮಾರೋಪ, ಶಾಲು, ಫೋಟೊ ಎಲ್ಲಾ ಇರುತ್ತದೆ. ಆದರೆ ಆ ಫೋಟೊದಲ್ಲಿ ನಿಂತವರು ಮನೆಗೆ ಹೋದ ಮೇಲೆ ಹೇಗಿದ್ದಾರೆ ಅನ್ನೋದನ್ನು ಯಾರೂ ಬರೆಯಲ್ಲ. ನನ್ನ ತಮ್ಮ ಅಂಥವರಲ್ಲಿ ಒಬ್ಬ, ಅದಕ್ಕೇ ಈ ಪತ್ರ.

ಅವನು ಹೋಗಿದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಎಂಟು ದಿನದ ಶಿಬಿರಕ್ಕೆ. ಅಲ್ಲಿ ಸುತ್ತಲೂ ಬಿಡಬೇಕು ಅಂತ ಬಂದವರೇ. ಊರಿಗೆ ಬಂದರೆ ಅದೇ ಸರ್ಕಲ್, ಅದೇ ಅಂಗಡಿ, ಅದೇ ದೋಸ್ತಿಗಳು. 'ಏನಪ್ಪಾ, ಈ ವ್ರತ ಎಷ್ಟು ದಿನ?' ಅಂತ ಕೇಳಿದವರು ಒಬ್ಬಿಬ್ಬರಲ್ಲ. ಒಂದು ಬೀಗರೂಟದಲ್ಲಿ ಸ್ವಂತ ಚಿಕ್ಕಪ್ಪನೇ 'ಇವತ್ತೊಂದಿನ, ನನಗೋಸ್ಕರ' ಅಂತ ಲೋಟ ಮುಂದಿಟ್ಟರು. ಅವನು ಕೈ ತೊಳೆದು ಬರ್ತೀನಿ ಅಂತ ಎದ್ದವನು ಸೀದಾ ನಮ್ಮ ಮನೆಗೆ ಬಂದ, ಎಲೆಯಲ್ಲಿ ಬಡಿಸಿದ್ದನ್ನು ಮುಟ್ಟಿಯೂ ಇರಲಿಲ್ಲ. ಅನ್ನ ಸಾರು ಬಡಿಸಿದೆ. ಏನೂ ಕೇಳಲಿಲ್ಲ.

ಬಿಟ್ಟವರಿಗೆ ಜಾಸ್ತಿ ಕಷ್ಟ ಸಂಜೆ ಏಳರ ಹೊತ್ತು. ಕೆಲಸ ಮುಗಿದಿರುತ್ತದೆ, ಕೈಯಲ್ಲಿ ಕೂಲಿ ದುಡ್ಡು ಇರುತ್ತದೆ, ಕಾಲು ತಾನೇ ಆ ಕಡೆ ಹೋಗುತ್ತದೆ. ಆ ಹೊತ್ತಿಗೆ ನನ್ನ ತಮ್ಮನಿಗೆ ಒದಗಿದವರು ನವಜೀವನ ಸಮಿತಿಯ ಒಬ್ಬ ಲಾರಿ ಡ್ರೈವರ್. ಶಿಬಿರ ಮುಗಿಸಿದವರೇ ಸೇರಿ ಕೂರುವ ಸಮಿತಿ ಅದು. ಅವರೂ ಒಂದು ಕಾಲಕ್ಕೆ ಕುಡಿದು ಮನೆ ಹಾಳು ಮಾಡಿಕೊಂಡವರು. ಏಳಕ್ಕೆ ಮುಂಚೆಯೇ ಫೋನ್ ಬರುತ್ತಿತ್ತು: 'ಎಲ್ಲಿದ್ದೀಯೋ, ಬಾ, ಮಂಡಕ್ಕಿ ತಿನ್ನೋಣ.' ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ, ಮೇಲೊಂದು ಟೀ. ಮಾತು ಮಳೆದು, ಮೆಕ್ಕೆಜೋಳದ ರೇಟಿಂದು. ಬುದ್ಧಿವಾದ ಒಂದು ಮಾತೂ ಇಲ್ಲ. ಅಂಗಡಿ ಬಾಗಿಲು ಹಾಕೋವರೆಗೂ ಅವನನ್ನು ಬಿಟ್ಟು ಏಳುತ್ತಿರಲಿಲ್ಲ. ಆ ಅಣ್ಣನ ಋಣ ನಮ್ಮ ಮನೆಯವರು ಯಾರೂ ತೀರಿಸೋಕಾಗಲ್ಲ.

ಕುಡಿತ ಬಿಟ್ಟವರು, ಬಿಡಬೇಕು ಅಂತಿರುವವರು ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನೋ ಕೂಟ ಹುಟ್ಟಿದ್ದೂ ಹೀಗೇ. 1935ರಲ್ಲಿ ಅಮೆರಿಕದ ಆಕ್ರನ್ ಊರಿಗೆ ಕೆಲಸದ ಮೇಲೆ ಬಂದಿದ್ದ, ಕುಡಿತ ಬಿಟ್ಟಿದ್ದ ಒಬ್ಬ ಷೇರು ವ್ಯಾಪಾರಿಗೆ ಮತ್ತೆ ಕುಡಿಯುವ ಆಸೆ ಜೋರಾಗಿ ಹುಟ್ಟಿತು. ಆಗ ಅವನು ಹುಡುಕಿದ್ದು ತನ್ನಂಥ ಇನ್ನೊಬ್ಬ ಕುಡುಕನನ್ನು. ಸಿಕ್ಕಿದವನು ಒಬ್ಬ ಸರ್ಜನ್. ಮಾತಾಡಿ ಮಾತಾಡಿ ಇಬ್ಬರೂ ಉಳಿದರು. ಇವತ್ತು ಬೆಂಗಳೂರಲ್ಲೂ ಆ ಸಭೆಗಳು ನಡೆಯುತ್ತವೆ, ಫೀಸಿಲ್ಲ, ಪೂರ್ತಿ ಹೆಸರೂ ಹೇಳಬೇಕಿಲ್ಲ. ಹಳ್ಳಿ ಕಡೆ ಅಂಥದ್ದು ಸಿಗೋದೇ ಕಷ್ಟ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಪಂಚಾಯ್ತಿಯವರು ಗ್ರಂಥಾಲಯವನ್ನೋ ಸಮುದಾಯ ಭವನವನ್ನೋ ವಾರಕ್ಕೊಂದು ಸಂಜೆ ಬಿಟ್ಟವರಿಗೆ, ಬಿಡಬೇಕು ಅಂತಿರುವವರಿಗೆ ತೆರೆದಿಡಲಿ. ಒಂದು ಚಾಪೆ, ಟೀ ಸಾಕು. ಭಾಷಣ ಬೇಡ, ಫೋಟೊ ಅಂತೂ ಬೇಡವೇ ಬೇಡ.

ಮನೆಯವರಿಗೂ ಒಂದು ಮಾತು. ಬಿಟ್ಟವರು ಹೊಸಿಲು ದಾಟುತ್ತಿದ್ದಂತೆ ಬಾಯಿ ಮೂಸಿ ನೋಡಬೇಡಿ. ಬಿಡಿಸುವ ಮಾತ್ರೆಯನ್ನು ಗೊತ್ತಾಗದಂತೆ ಸಾರಿನಲ್ಲಿ ಬೆರೆಸಬೇಡಿ, ಅದರ ಮೇಲೆ ಅವರು ಕುಡಿದರೆ ಜೀವಕ್ಕೇ ಅಪಾಯ. ಬೆಳಗಾದರೆ ಕುಡಿಯುತ್ತಿದ್ದವರು ಹಟಕ್ಕೆ ಬಿದ್ದು ಒಂದೇ ಸಲ ನಿಲ್ಲಿಸಿದರೂ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ದಯವಿಟ್ಟು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಅಷ್ಟು ದೂರ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನ ಬಿಡಿಸುವ ಸಹಾಯವಾಣಿ 14446 ಕೂಡ ಇದೆ.

ಈ ಎರಡು ನಂಬರನ್ನು ಶಿಬಿರದ ಸುದ್ದಿ ಹಾಕಿದಾಗಲೆಲ್ಲ ಕೆಳಗೆ ಒಂದು ಸಾಲಿನಲ್ಲಿ ಹಾಕುತ್ತೀರಾ?

— ಒಬ್ಬ ಅಕ್ಕ, ದಾವಣಗೆರೆ ಜಿಲ್ಲೆ