ಹೆದ್ದಾರಿ ಇಳಿದು ಊಟಕ್ಕೆ ಬಾ

ಮಂಡ್ಯ

ಪ್ರಿಯ ಗೆಳೆಯ,

ಬೆಂಗಳೂರಿನಿಂದ ಮೈಸೂರಿಗೆ ಒಂದೂವರೆ ಗಂಟೆಯಲ್ಲಿ ಹೋಗಿ ಮುಟ್ಟಿದೆವು, ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ, ತಿಂಡಿಯನ್ನೂ ಕಾರಿನಲ್ಲೇ ಮುಗಿಸಿದೆವು ಎಂದು ನೀನು ಬರೆದದ್ದನ್ನು ಓದಿದೆ. ಬೇಗ ತಲುಪಿದ್ದು ಸಂತೋಷವೇ. ಆದರೆ ಆ ಕೊನೆಯ ಮಾತು ನನಗೆ ಸಮಾಧಾನ ಕೊಡಲಿಲ್ಲ. ನನ್ನ ಊರಿನ ಪಕ್ಕದಲ್ಲೇ ಹಾದುಹೋಗುವಾಗ ಪೊಟ್ಟಣ ಬಿಚ್ಚಿ ತಣ್ಣಗಿನ ತಿಂಡಿ ತಿಂದೆಯಲ್ಲ!

2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವೂ ಬೈಪಾಸಿನ ಆಚೆ ಉಳಿದುಬಿಟ್ಟವು. ರಸ್ತೆ ಬೇಡವಾಗಿತ್ತೆಂದು ನಾನು ಹೇಳುವುದಿಲ್ಲ. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕಾದವರಿಗೆ ಅದರ ಬೆಲೆ ಗೊತ್ತು. ಆದರೆ ಹಳೆಯ ರಸ್ತೆಯ ಬದಿಯಲ್ಲಿ ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿಸುತ್ತಿದ್ದ ಎಷ್ಟೋ ಹೋಟೆಲುಗಳಿಗೆ ದಾರಿಹೋಕರ ವ್ಯಾಪಾರವೇ ಕೈತಪ್ಪಿತು. ಕೆಲವರು ಬಾಗಿಲು ಹಾಕಿದರು. ಅದೇ ವರ್ಷದ ಆಗಸ್ಟ್‌ನಿಂದ ಬೈಕು, ಆಟೋಗಳಿಗೆ ಆ ಹೆದ್ದಾರಿಯಲ್ಲಿ ಪ್ರವೇಶವಿಲ್ಲ. ಈಗ ಹಳೆಯ ದಾರಿಯ ಹೋಟೆಲುಗಳನ್ನು ಸಾಕುತ್ತಿರುವುದು ಬಹುಮಟ್ಟಿಗೆ ಆ ಬೈಕಿನವರು, ಬಸ್ಸಿನವರು ಮತ್ತು ಊರಿನವರು. ಕಾರಿನವರೂ ಇಳಿದು ಬರಬೇಕು ಎನ್ನುವುದೇ ನನ್ನ ಆಸೆ. ನಿನ್ನಿಂದಲೇ ಅದು ಶುರುವಾಗಲಿ.

ಮಂಡ್ಯದಲ್ಲಿ ನಿನ್ನನ್ನು ಕರೆದೊಯ್ಯಬೇಕೆಂದಿರುವ ಮುದ್ದೆ ಹೋಟೆಲಿಗೆ ಬೋರ್ಡೂ ಇಲ್ಲ. ಹೆಂಚಿನ ಮನೆ, ನಾಲ್ಕಾರು ಬೆಂಚು, ಗೋಡೆಯಲ್ಲೊಂದು ಕ್ಯಾಲೆಂಡರ್. ನಡೆಸುವವರನ್ನು ಊರಿಗೆ ಊರೇ ಅಕ್ಕ ಎನ್ನುತ್ತದೆ. ಊಟಕ್ಕಿಂತ ಸ್ವಲ್ಪ ಮೊದಲೇ ಹೋಗಿ ಅವರು ಮುದ್ದೆ ಮಾಡುವುದನ್ನು ನಿಂತು ನೋಡಬೇಕು. ಎಸರು ಕುದಿಯುವಾಗ ರಾಗಿ ಹಿಟ್ಟನ್ನು ನಡುವಿಗೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಬೇಯಲು ಬಿಡುತ್ತಾರೆ. ಕುದಿ ಆ ತೂತಿನಿಂದ ಉಕ್ಕಿ ಹಿಟ್ಟಿನ ಮೇಲೆ ಹರಿಯುತ್ತದೆ. ಆಮೇಲೆ ಪಾತ್ರೆ ಅಲುಗದಂತೆ ಕವೆಗೋಲಿನಿಂದ ಒತ್ತಿ ಹಿಡಿದು, ಎರಡೂ ಕೈಯಿಂದ ತೊಳಸಲು ಶುರುಮಾಡಿದರೆ ಭುಜದಿಂದ ಮಣಿಕಟ್ಟಿನವರೆಗೆ ನರಗಳು ಎದ್ದು ಕಾಣುತ್ತವೆ. ಒಂದು ಗಂಟೂ ಉಳಿಯಬಾರದು. ನೀರು ಸವರಿದ ಹಲಗೆಯ ಮೇಲೆ ಬಿಸಿ ಬಿಸಿ ಹಿಟ್ಟನ್ನು ಹಾಕಿ, ಅಂಗೈ ಒದ್ದೆ ಮಾಡಿಕೊಂಡು ಒಂದೆರಡು ಸುತ್ತು ಉರುಳಿಸುವಷ್ಟರಲ್ಲಿ ಮುದ್ದೆ ನಿನ್ನ ತಟ್ಟೆಯಲ್ಲಿರುತ್ತದೆ. ಅಂಗೈ ಸುಡುವುದಿಲ್ಲವೇ ಎಂದು ಕೇಳಿದ್ದಕ್ಕೆ ಅಕ್ಕ, "ಕೈ ಸುಟ್ಟಿತೆಂದು ಕೂತರೆ ನಿಮ್ಮ ಹೊಟ್ಟೆ ತುಂಬುವುದು ಹೇಗಪ್ಪ?" ಎಂದರು.

ಸಾರು ಆ ದಿನದ ಸಂತೆಯನ್ನು ಹೊಂದಿಕೊಂಡಿರುತ್ತದೆ. ನನಗೆ ಬಸ್ಸಾರಿನ ದಿನವೇ ಹಬ್ಬ. ಅಲಸಂದೆ ಕಾಳು, ದಂಟಿನ ಸೊಪ್ಪು ಬೇಯಿಸಿ ಬಸಿದ ನೀರಿಗೆ ಈರುಳ್ಳಿ, ಬೆಳ್ಳುಳ್ಳಿ, ಕಾಯಿ ಹುರಿದು ರುಬ್ಬಿದ ಖಾರ ಬೀಳುತ್ತದೆ. ಬಸಿದು ಉಳಿದ ಸೊಪ್ಪು, ಕಾಳು ಒಗ್ಗರಣೆಯಾಗಿ ಪಲ್ಯವಾಗುತ್ತದೆ. ಒಂದೇ ಪಾತ್ರೆಯಿಂದ ಎರಡು ಪದಾರ್ಥ. ಎಸೆಯುವುದು ಏನೂ ಇಲ್ಲ. ನಿನ್ನ ಮಕ್ಕಳಿಗೆ ಮೊದಲೇ ಹೇಳಿಕೊಡು: ಮುದ್ದೆಯನ್ನು ಅಗಿಯಬಾರದು. ಚೂರು ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು. ನಾಟಿ ಕೋಳಿ ಸಾರೂ ಉಂಟು, ಆದರೆ ಸೋಮವಾರ ಮತ್ತು ಶನಿವಾರ ಅಕ್ಕ ಮಾಂಸದ ಪಾತ್ರೆ ಮುಟ್ಟುವುದಿಲ್ಲ. ಕೃಷ್ಣರಾಜಸಾಗರದ ನೀರು ಬಂದು ಈ ಸೀಮೆಯೆಲ್ಲ ಗದ್ದೆ, ಕಬ್ಬು ಎಂದಾದರೂ ಜನ ಮುದ್ದೆಯನ್ನು ಬಿಟ್ಟುಕೊಡಲಿಲ್ಲ ನೋಡು.

ಮದ್ದೂರನ್ನು ಮಾತ್ರ ದಾಟಿ ಬರಬೇಡ. ಅಲ್ಲಿನ ರೈಲ್ವೆ ನಿಲ್ದಾಣದಲ್ಲಿ 1917ರ ಸುಮಾರಿಗೆ ರಾಮಚಂದ್ರ ಬುಧ್ಯ ಎಂಬವರು ಪಕೋಡ ಕರಿದು ಮಾರುತ್ತಿದ್ದರಂತೆ. ಒಂದು ದಿನ ರೈಲು ಬೇಗ ಬಂದುಬಿಟ್ಟಿದ್ದರಿಂದ ಅದೇ ಹಿಟ್ಟನ್ನು ಅಗಲವಾಗಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಮದ್ದೂರು ವಡೆ ಹುಟ್ಟಿದ್ದು ಹೀಗೆ ಎನ್ನುತ್ತಾರೆ. ಅಕ್ಕಿ ಹಿಟ್ಟು, ಮೈದಾ, ರವೆ, ಕೈತುಂಬ ಈರುಳ್ಳಿ, ಕರಿಬೇವು, ಮೆಣಸಿನಕಾಯಿ. ಅಂಚು ಕಟುಂ ಎನ್ನಬೇಕು, ನಡುವೆ ಈರುಳ್ಳಿಯ ಸಿಹಿ ಸಿಗಬೇಕು. ಬೆಂಗಳೂರಿನಲ್ಲಿ ಆ ಹೆಸರಿನಲ್ಲಿ ಸಿಗುವ ಮೆತ್ತನೆಯ ಬಿಲ್ಲೆಯನ್ನು ಮರೆತುಬಿಡು.

ಮೈಸೂರಿನಲ್ಲಿ ನೀನು ಉಳಿದಿದ್ದ ದೊಡ್ಡ ಹೋಟೆಲಿನ ಬೆಳಗಿನ ತಿಂಡಿಯನ್ನೂ ಒಂದು ದಿನ ಬಿಡಬೇಕು. ನಜರ್‌ಬಾದಿಗೆ ಹೋಗು. ಮೈಲಾರಿ ಹೆಸರಿನ ಹೋಟೆಲುಗಳು ಅಲ್ಲಿ ಹತ್ತಿರ ಹತ್ತಿರವೇ ಇವೆ. ಯಾವುದು ಹೆಚ್ಚು ಎಂಬ ವಾದಕ್ಕೆ ನಾನು ಬರುವುದಿಲ್ಲ. ಬಾಳೆ ಎಲೆಯ ಮೇಲೆ ಮೆತ್ತನೆಯ ದೋಸೆ, ಮೇಲೊಂದು ಬೆಣ್ಣೆಯ ಮುದ್ದೆ, ಪಕ್ಕದಲ್ಲಿ ಕಾಯಿ ಚಟ್ನಿ. ಬೆಣ್ಣೆ ಕರಗಿ ಅಂಚಿಗೆ ಇಳಿಯುವ ಮೊದಲೇ ಮೊದಲ ತುತ್ತು ಬಾಯಿಗೆ ಹೋಗಬೇಕು. ಫೋಟೋ ತೆಗೆಯುತ್ತ ಕೂತರೆ ನಷ್ಟ ನಿನ್ನದೇ. ಅಲ್ಲಿ ಉದ್ದನೆಯ ಪಟ್ಟಿ ಓದಿ ಆರಿಸುವ ತಾಪತ್ರಯವಿಲ್ಲ. ಬೆರಳೆಣಿಕೆಯ ತಿಂಡಿಗಳನ್ನೇ ದಿನವೂ ಮಾಡುವವರ ಕೈಗೆ ಹದ ತಾನಾಗಿ ಕೂಡಿಬರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಸರಸ್ವತಿಪುರದ ರೂಮಿನಲ್ಲಿದ್ದಾಗ ನಾವು ಉಣ್ಣುತ್ತಿದ್ದ ಮೆಸ್ಸಿನ ಅಜ್ಜನನ್ನು ನೀನು ಮರೆತಿಲ್ಲ ತಾನೇ? ನಿನಗೆ ಜ್ವರ ಬಂದಾಗ ಯಾರೂ ಹೇಳಿಕಳಿಸದೆಯೇ ಗಂಜಿ ಮತ್ತು ನಿಂಬೆ ಉಪ್ಪಿನಕಾಯಿಯ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು. ಊರಿನಿಂದ ದುಡ್ಡು ಬರುವುದು ತಡವಾದರೆ ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾಗುತ್ತಿದ್ದರು. ಪರೀಕ್ಷೆಯ ದಿನಗಳಲ್ಲಿ ಮೊಸರು ಎರಡನೇ ಸಲ ತಾನಾಗಿ ಬರುತ್ತಿತ್ತು. ನಮ್ಮ ಹೆಸರು, ಊರು, ಹಸಿವು ಮೂರೂ ಗೊತ್ತಿದ್ದ ಕೈಯಿಂದ ಉಂಡವರು ನಾವು. ಈಗ ಅಂಥದೇ ಕೈಗಳು ಬೈಪಾಸಿನ ಆಚೆ ಗಿರಾಕಿಗಾಗಿ ಕಾಯುತ್ತಿರುವಾಗ ನಾವೇ ಅತ್ತ ತಿರುಗದಿದ್ದರೆ ಇನ್ನು ಯಾರು ತಿರುಗಬೇಕು?

ಡಿಸೆಂಬರ್ ಕೊನೆಗೆ ಬಂದರೆ ಒಳ್ಳೆಯದು. ಸೊಗಡವರೆ ಬಂದಿರುತ್ತದೆ, ಹಿದುಕಿದ ಬೇಳೆ ಸಾರು ಮಾಡಲು ಅಕ್ಕನಿಗೆ ಹೇಳಿರುತ್ತೇನೆ. ನಿನ್ನ ತಾಯಿಯವರನ್ನೂ ಕರೆದುಕೊಂಡು ಬಾ. ಬೆಂಚು ಎತ್ತರವಿದೆ, ಅವರಿಗೆ ಕುರ್ಚಿ ಹಾಕಿಸೋಣ. ಎರಡು ಗಂಟೆ ದಾಟಿದರೆ ಪಾತ್ರೆ ತೊಳೆದಿರುತ್ತಾರೆ, ಆದ್ದರಿಂದ ಒಂದರೊಳಗೆ ಬಂದುಬಿಡಿ. ಎಷ್ಟು ಜನ ಎಂದು ಹಿಂದಿನ ದಿನವೇ ತಿಳಿಸು, ಹಿಟ್ಟು ಅಳೆಯುವಾಗ ಬೇಕಾಗುತ್ತದೆ.

ಇಂತಿ,
ನಿನ್ನ ಗೆಳೆಯ