ನಾಲ್ಕಕ್ಕೆ ಏಳುತ್ತಿದ್ದ ಮಗಳಿಗೆ

ಕಲಬುರಗಿ
ಭಾನುವಾರ ರಾತ್ರಿ

ಮಗಳೇ,

ಫೋನಿನಲ್ಲಾದರೆ ನನ್ನ ದನಿ ಏರುತ್ತದೆ, ನೀನು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕಳೆದ ವಾರ ಏನೇನು ಆಡಿಕೊಂಡೆವು ಎಂಬುದು ಇಬ್ಬರಿಗೂ ನೆನಪಿದೆ, ಬಿಡು. ಅವ್ವನ ಕೈಯ ಪಟ್ಟಿ ಇನ್ನೂ ಮೂರು ವಾರ ಇರಬೇಕಂತೆ. ನಿನ್ನೆ ಎಡಗೈಯಲ್ಲೇ ರೊಟ್ಟಿ ಬಡಿಯಲು ಕೂತು ನನ್ನಿಂದ ಬೈಸಿಕೊಂಡಳು.

ನೀನು ಕಳಿಸಿದ ಹೊಸ ಬಚ್ಚಲಿನ ನಕ್ಷೆಯನ್ನು ಗೌಂಡಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ‘ಯಾವ ಎಂಜಿನಿಯರ್ ಸಾಹೇಬರು ಬರೆದದ್ದು?’ ಎಂದ. ‘ನನ್ನ ಮಗಳು, ಬ್ಯಾಂಕಿನಲ್ಲಿದ್ದಾಳೆ’ ಎಂದೆ. ಅವನಿಗೆ ಎರಡು ಸಲ ಚಹಾ ಕುಡಿಸಿದೆ.

ಆದರೆ ಮಲಗುವ ಕೋಣೆಯ ಹಿಂಗೋಡೆ ಒಡೆದು ಬಾಗಿಲು ಇಡುವುದು ಆಗದು. ಹಟಕ್ಕೆ ಹೇಳುತ್ತಿಲ್ಲ. ಗೋಡೆ ಎರಡು ಅಡಿ ದಪ್ಪವೇನೋ ನಿಜ, ಕಲ್ಲುಗಳ ನಡುವೆ ಇರುವುದು ಮಾತ್ರ ಬರೀ ಮಣ್ಣು. ಗೌಂಡಿ ಹಾರೆಯ ತುದಿಯಿಂದ ಒಂದು ಸಂದಿಯನ್ನು ಕೆದಕಿದ. ಜೋಳದ ಹಿಟ್ಟಿನಂತೆ ಸುರಿಯತೊಡಗಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನಗೇ ಹೊಳೆಯಿತು: ಅಲ್ಲಿ ಅಜ್ಜಿಯ ಕಿಟಕಿ ಇದೆಯಲ್ಲ, ಅದರ ಮೇಲೆ ಕಲ್ಲಿನ ತೊಲೆ ಆಗಲೇ ಕೂತಿದೆ. ಕಿಟಕಿಯ ಕೆಳಗಿನ ಕಲ್ಲುಗಳನ್ನಷ್ಟೇ ನೆಲದವರೆಗೆ ಬಿಡಿಸಿದರೆ ಅದೇ ಬಾಗಿಲಾಗುತ್ತದೆ. ಮೂರು ಅಡಿ ಅಗಲ ಸಿಗುತ್ತದೆ. ಮುಂದೆ ಗಾಲಿ ಕುರ್ಚಿ ಬಂದರೂ ಸಾಗುತ್ತದೆ. ಅವ್ವನದೋ ನನ್ನದೋ, ಈಗಲೇ ಏಕೆ ಆ ಮಾತು.

ನೀನು ಹೇಳಿದ್ದು ಒಂದೇ ಮಾತು. ‘ನಾಲ್ಕಕ್ಕೆ ಏಳುತ್ತಿದ್ದದ್ದು ಓದುವುದಕ್ಕಲ್ಲ ಅಪ್ಪಾ, ಸ್ನಾನಕ್ಕೆ.’ ವಾರದಿಂದ ಅದೇ ತಲೆಯಲ್ಲಿದೆ. ಆಫೀಸಿನಲ್ಲಿ, ಬಸ್ಸಿನಲ್ಲಿ, ಶರಣಬಸವೇಶ್ವರ ಜಾತ್ರೆಯಲ್ಲಿ ಸಿಕ್ಕ ಬೀಗರ ಮುಂದೆ ಕೂಡ, ‘ನಮ್ಮ ಹುಡುಗಿ ನಾಲ್ಕಕ್ಕೇ ಎದ್ದು ಪುಸ್ತಕ ಹಿಡಿಯುತ್ತಾಳೆ’ ಎಂದು ಹೇಳಿಕೊಂಡು ತಿರುಗಿದವನು ನಾನು. ಬಚ್ಚಲಿಗೆ ಇದ್ದದ್ದು ಗೋಣಿ ಚೀಲದ ಪರದೆ. ಮೇಲೆ ಆಕಾಶ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಫರ್ಸಿ ಕಲ್ಲಿನ ನೆಲದ ಮೇಲೆ ಬಚ್ಚಲಿಂದ ಪಡಸಾಲೆಯವರೆಗೆ ನಿನ್ನ ಒದ್ದೆ ಹೆಜ್ಜೆಗಳಿರುತ್ತಿದ್ದವು. ದಿನಾ ನೋಡುತ್ತಿದ್ದೆ. ಜಾರೀತು ಎಂದು ಅವುಗಳನ್ನು ದಾಟಿಕೊಂಡು ಹೋಗುತ್ತಿದ್ದೆ. ಅದೇ ವರ್ಷ ಬಾಡಿಗೆ ಬರಲೆಂದು ಮೇಲೊಂದು ಕೋಣೆ ಕಟ್ಟಿಸಿದೆ, ಅದಕ್ಕೆ ಸಾಗವಾನಿ ಬಾಗಿಲು ಹಾಕಿಸಿದೆ.

ಇರಲಿ. ಪಾಯದ ವಿಷಯ ಬರೆಯಬೇಕು.

ನಮ್ಮದು ಎರೆ ಭೂಮಿ. ಏಪ್ರಿಲ್ ತಿಂಗಳಲ್ಲಿ ಹಿತ್ತಲಿನ ಬಿರುಕಿಗೆ ಅಂಗೈ ಇಳಿಯುತ್ತದೆ. ಶ್ರಾವಣದಲ್ಲಿ ಅದೇ ಮಣ್ಣು ನೀರು ಕುಡಿದು ಉಬ್ಬಿ ಗೋಡೆಯನ್ನೇ ಎತ್ತುತ್ತದೆ. ಮೂರಡಿ ಸಾಕು ಎನ್ನುತ್ತಾನೆ ಗೌಂಡಿ. ಸಾಲದು, ಗರಸಿನ ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು. ಬೋರ್ ಹಾಕಿಸಿದಾಗ ಆರಡಿಗೆ ಗರಸು ಬಂದಿತ್ತು. ಆದರೆ ಹಳೆಯ ಪಾಯದ ಪಕ್ಕದಲ್ಲೇ ಅದಕ್ಕಿಂತ ಆಳಕ್ಕೆ ಉದ್ದಕ್ಕೂ ಅಗೆದರೆ ಹಳೆಯ ಗೋಡೆಯ ಕಾಲಡಿಯ ಮಣ್ಣೇ ಜಾರೀತು. ಅಲ್ಲಿ ಮೂರು ಮೂರು ಅಡಿಯ ತುಂಡುಗಳಾಗಿ ಅಗೆದು, ಒಂದನ್ನು ಕಟ್ಟಿ ತುಂಬಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಹೊಸ ಗೋಡೆಯನ್ನು ಹಳೆಯದಕ್ಕೆ ಕಚ್ಚಿಸಲೂಬಾರದು, ನಡುವೆ ಒಂದು ಅಂಗುಲ ಸಂದು ಇರಲಿ. ಎರಡೂ ತಮ್ಮ ತಮ್ಮ ಪಾಡಿಗೆ ಏಳುತ್ತವೆ, ಕೂರುತ್ತವೆ. ಬಿಗಿದು ಕಟ್ಟಿದರೆ ಎರಡೂ ಸೀಳುತ್ತವೆ.

ಪಾಠ ಶುರುವಾಯಿತು ಎನ್ನುತ್ತೀಯ. ಎನ್ನು. ನೆಲದ ಮಾತೊಂದು ಉಳಿದಿದೆ.

ನಕ್ಷೆಯಲ್ಲಿ ಹೊಳೆಯುವ ಟೈಲ್ಸ್ ತೋರಿಸಿದ್ದೀಯ. ಬೇಡ. ಶಹಾಬಾದ್ ಫರ್ಸಿಯನ್ನೇ ಹಾಕಿಸೋಣ, ಪಾಲಿಶ್ ಇಲ್ಲದ ಒರಟು ಕಲ್ಲು. ಅವ್ವ ಜಾರಿದ್ದು ಅದೇ ಜಾತಿಯ ಕಲ್ಲಿನ ಮೇಲೆ ಎಂದು ನೀನು ಎತ್ತಿ ಆಡುವ ಮೊದಲೇ ಹೇಳುತ್ತೇನೆ: ಅದು ನಲವತ್ತು ವರ್ಷ ತುಳಿದು ಸವೆದದ್ದು. ತೊಳೆಯಲು ಆಸಿಡ್ ಮಾತ್ರ ಮುಟ್ಟಿಸಬಾರದು. ಅದು ಸುಣ್ಣದ ಕಲ್ಲು, ನೊರೆ ಎದ್ದು ಕಲ್ಲೇ ತಿಂದುಹೋಗುತ್ತದೆ. ಐದು ಅಡಿಗೆ ಒಂದು ಅಂಗುಲ ಇಳಿಜಾರು ಇರಲಿ. ಫರ್ಸಿ ಕೂರಿಸುವ ಮೊದಲು ಗಟಾರದ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ನೋಡುತ್ತೇನೆ. ಸೋರಿದರೆ ಆ ನೀರು ಹೋಗುವುದು ಎರೆಗೇ.

ಬಟ್ಟೆ ಒಗೆಯುವ ಯಂತ್ರಕ್ಕೆ ನೀನು ತೋರಿಸಿದ ಜಾಗ ಸರಿಯಾಗಿದೆ, ಬಚ್ಚಲಿಗೂ ಅದಕ್ಕೂ ಒಂದೇ ಗಟಾರ ಸಾಕು. ಆದರೆ ಒಗೆಯುವ ಕಲ್ಲು ಹೋಗಕೂಡದು ಎಂದು ಅವ್ವನ ಕಟ್ಟಪ್ಪಣೆ. ಕೌದಿಗಳನ್ನು ಯಂತ್ರ ಒಗೆಯುತ್ತದೆಂದು ಅವಳು ನಂಬುವುದಿಲ್ಲ. ನಮ್ಮ ಬೋರಿನ ಗಡುಸು ನೀರಿನಲ್ಲಿ ಯಂತ್ರ ಎಷ್ಟು ವರ್ಷ ಬಾಳುತ್ತದೆಂದು ನಾನೂ ನಂಬುವುದಿಲ್ಲ. ಕೊಡಪಾನದ ಒಳಗೆ ಕಟ್ಟುವ ಬಿಳಿ ಪದರ ನೀನು ನೋಡಿಲ್ಲವೇ?

ಬಾಗಿಲು ಹೊರಕ್ಕೆ ತೆರೆಯಬೇಕೆಂದು ನೀನು ಬರೆದದ್ದು ಮೊದಲು ನನಗೆ ವಿಚಿತ್ರ ಎನಿಸಿತು. ಯಾರಾದರೂ ಒಳಗೆ ಬಿದ್ದರೆ ಬಾಗಿಲಿಗೇ ಅಡ್ಡವಾಗುತ್ತಾರೆ ಎಂದು ಆಮೇಲೆ ತಿಳಿಯಿತು. ಅವ್ವನೂ ಹಾಗೆಯೇ ಅಡ್ಡ ಬಿದ್ದಿದ್ದಳು. ನಮ್ಮ ಬಚ್ಚಲಿನ ಈಗಿನ ಬಾಗಿಲು ಗಟ್ಟಿಯಿಲ್ಲದ್ದರಿಂದ ಒದ್ದು ಒಳಗೆ ಹೋದೆ.

ನೀನು ಕಳಿಸಿದ ಹಣವನ್ನು ವಾಪಸು ಹಾಕುತ್ತೇನೆ ಎಂದಿದ್ದೆ. ಹಾಕಿಲ್ಲ. ಸಿಮೆಂಟು, ಪೈಪು, ಕೂಲಿ ನನ್ನ ಪಿಂಚಣಿಯಿಂದ ಆಗುತ್ತದೆ. ನಿನ್ನ ಹಣದಲ್ಲಿ ಮೇಲ್ಛಾವಣಿಗೆ ಸ್ಲ್ಯಾಬ್ ಹಾಕಿಸುತ್ತೇನೆ, ತಗಡಿನ ಪತ್ರಾ ಬೇಡ. ಬಾಗಿಲನ್ನು ಮಾತ್ರ ನಾನೇ ಕೊಳ್ಳುತ್ತೇನೆ, ಅದರಲ್ಲಿ ನೀನು ಕೈ ಹಾಕಬೇಡ.

ಹೊಸ ಬಚ್ಚಲಿನ ಕಿಟಕಿಯ ಎತ್ತರ ಎಷ್ಟಿರಬೇಕೆಂದು ತಿಳಿಯದೆ ಇವತ್ತು ಸಂಜೆ ಪಕ್ಕದ ಮನೆಯ ಮಾಳಿಗೆಗೆ ಏಣಿ ಹಾಕಿ ಹತ್ತಿದ್ದೆ. ಇಷ್ಟು ವರ್ಷದಲ್ಲಿ ಹತ್ತಿದ್ದು ಇದೇ ಮೊದಲು. ಅಲ್ಲಿಂದ ಎಲ್ಲವೂ ಕಾಣುತ್ತದೆ ಮಗಳೇ. ಒಗೆಯುವ ಕಲ್ಲು, ಗೋಣಿ ಕಟ್ಟುತ್ತಿದ್ದ ಮೊಳೆ, ಹಂಡೆಯ ಕಂಠದಲ್ಲಿರುವ ತಗ್ಗು ಕೂಡ. ಕಿಟಕಿ ಏಳು ಅಡಿಯ ಮೇಲೆ ಇರಲಿ ಎಂದು ಗೌಂಡಿಗೆ ಹೇಳಿದ್ದೇನೆ. ಏಣಿ ಹತ್ತಿದ್ದನ್ನು ಅವ್ವನಿಗೆ ಹೇಳಬೇಡ.

ಇಂತಿ,
ನಿನ್ನ ಅಪ್ಪ